ಹ್ಯಾಮ್‌ಸ್ಟ್ರಿಂಗ್ ಗಾಯವನ್ನು ಕೈಯಿಂದ ಪರೀಕ್ಷಿಸುವ ಬಗೆ
ಓಡುತ್ತಿದ್ದಾಗ ತೊಡೆಯ ಹಿಂಭಾಗದಲ್ಲಿ ಛಟ್ಟನೆ ಏನೋ ಹಿಡಿದಂತಾಯಿತು ಎನ್ನುತ್ತಾ ಕುಂಟಿಕೊಂಡು ಬರುವ ಬಹುತೇಕರು ಮೊದಲು ಕೇಳುವುದು ಸ್ಕ್ಯಾನಿಂಗ್ ಬಗ್ಗೆಯೇ. ಆದರೆ ಹೆಚ್ಚಿನ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯುಗಳ) ಗಾಯಗಳನ್ನು ಸಮಾಧಾನದಿಂದ ವಿಚಾರಿಸಿ, ಎರಡೂ ಕಾಲುಗಳನ್ನು ಹೋಲಿಸಿ ನೋಡಿಯೇ ಗುರುತಿಸಬಹುದು ಎಂಬುದು ಫಿಸಿಯೋಥೆರಪಿಸ್ಟ್ ಆಗಿ ನನ್ನ ದೃಢವಾದ ಅಭಿಪ್ರಾಯ.

ಪೆಟ್ಟಾದ ಬಗೆಯೇ ಅರ್ಧ ಉತ್ತರ ಕೊಡುತ್ತದೆ. ವೇಗದ ಓಟದಲ್ಲಿ ಸಾಮಾನ್ಯವಾಗಿ ಹೊರಬದಿಯ ಬೈಸೆಪ್ಸ್ ಫೆಮೊರಿಸ್ ಸ್ನಾಯುವಿನ ಉದ್ದನೆಯ ಭಾಗಕ್ಕೆ ಪೆಟ್ಟಾಗುತ್ತದೆ. ನೃತ್ಯದಲ್ಲಿ ಕಾಲನ್ನು ಅತಿಯಾಗಿ ಚಾಚಿದಾಗ ಸೆಮಿಮೆಂಬ್ರನೋಸಸ್ ಸ್ನಾಯುವಿನ ಮೇಲ್ತುದಿಯನ್ನು ಮೂಳೆಗೆ ಜೋಡಿಸುವ ರಜ್ಜು ಘಾಸಿಗೊಳ್ಳುವುದೇ ಹೆಚ್ಚು. ಎರಡನೆಯದು ಮೊದಲ ದಿನಗಳಲ್ಲಿ ಅಷ್ಟೇನೂ ನೋಯದಿದ್ದರೂ ಗುಣವಾಗಲು ಹೆಚ್ಚು ಕಾಲ ಹಿಡಿಯುವುದರಿಂದ, ನೋವಿನ ತೀವ್ರತೆಯನ್ನಷ್ಟೇ ನಂಬಿ ಭರವಸೆ ಕೊಡಬಾರದು.

ಬೋರಲಾಗಿ ಮಲಗಿಸಿ, ಮಂಡಿಯನ್ನು ತುಸು ಮಡಿಸಿ, ಕುಳಿತಾಗ ಭಾರ ಹೊರುವ ಪೃಷ್ಠದ ಮೂಳೆಯಿಂದ ಆರಂಭಿಸಿ ಬೆರಳಿನಿಂದ ನಿಧಾನವಾಗಿ ಒತ್ತುತ್ತಾ ಕೆಳಗಿಳಿಯಬೇಕು. ಅತಿ ಹೆಚ್ಚು ನೋಯುವ ಜಾಗ ಆ ಮೂಳೆಗೆ ಹತ್ತಿರವಾದಷ್ಟೂ ಮೈದಾನಕ್ಕೆ ಮರಳುವುದು ತಡವಾಗುವ ಸಂಭವ ಹೆಚ್ಚು. ನೀಲಿಗಟ್ಟಿದ ಕಲೆಯನ್ನು ನೋಡಿ ಮೋಸಹೋಗಬಾರದು. ರಕ್ತ ಕೆಳಕ್ಕೆ ಜಾರಿ ಕೆಲವು ದಿನಗಳ ನಂತರ ಮಂಡಿಯ ಹಿಂದೆ ಕಾಣಿಸಿಕೊಳ್ಳಬಹುದು, ಹರಿದ ಜಾಗವೇ ಬೇರೆಯಿರಬಹುದು.

ಅದೇ ಭಂಗಿಯಲ್ಲಿ, ಹಿಮ್ಮಡಿಯ ಮೇಲೆ ಕೈಯಿಟ್ಟು ತಡೆಯೊಡ್ಡಿ, ಮೊದಲು ಸುಮಾರು 15 ಡಿಗ್ರಿಯಲ್ಲೂ ಆಮೇಲೆ 90 ಡಿಗ್ರಿಯಲ್ಲೂ ಮಂಡಿ ಮಡಿಸಲು ಹೇಳಿ, ಬಲ ಮತ್ತು ನೋವು ಎರಡನ್ನೂ ಗಮನಿಸುತ್ತೇನೆ. ಅನಂತರ ಅಂಗಾತ ಮಲಗಿಸಿ, ತೊಡೆಯನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ, ಮಂಡಿಯನ್ನು ಅವರೇ ನೇರಗೊಳಿಸುವಾಗ ಎಲ್ಲಿ ತಡೆಯುತ್ತದೆ ಎಂದು ಅಳೆಯುತ್ತೇನೆ. ಪೆಟ್ಟಾಗದ ಕಾಲನ್ನು ಮೊದಲು ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ಆ ವ್ಯಕ್ತಿಯ ಸಹಜ ಅಳತೆ ಅಲ್ಲಿಯೇ ಸಿಗುತ್ತದೆ.

ಪೆಟ್ಟಾದ ನೆನಪೇ ಇಲ್ಲದೆ ನೋವು ಶುರುವಾಗಿದ್ದರೆ ಸೊಂಟದ ಕಡೆ ಗಮನ ಹರಿಸಬೇಕು. ಬಾಗಿ ಕುಳಿತು ಕಾಲು ಚಾಚಿದಾಗ ಬರುವ ನೋವು ಕತ್ತನ್ನು ಮೇಲೆತ್ತಿದೊಡನೆ ಕಡಿಮೆಯಾದರೆ ಅದು ನರದಿಂದ ಬರುತ್ತಿರುವ ಸಾಧ್ಯತೆಯೇ ಹೆಚ್ಚು.

ಪೃಷ್ಠದ ಕೆಳಗೆ ಬೆರಳಿಗೆ ಹಳ್ಳ ಸಿಕ್ಕರೆ, ಅಥವಾ ತಡೆಯ ವಿರುದ್ಧ ಮಂಡಿ ಮಡಿಸುವಾಗ ಮಂಡಿಯ ಹಿಂದಿನ ರಜ್ಜುಗಳು ಇನ್ನೊಂದು ಕಾಲಿನಂತೆ ಬಿಗಿಯಾಗಿ ಎದ್ದು ಕಾಣದಿದ್ದರೆ, ರಜ್ಜು ಮೂಳೆಯಿಂದಲೇ ಕಿತ್ತುಬಂದಿರಬಹುದು. ಆಗ ತಡಮಾಡದೆ ಎಂಆರ್‌ಐ ಮಾಡಿಸಿ ಮೂಳೆ ಶಸ್ತ್ರತಜ್ಞರಿಗೆ ತೋರಿಸಬೇಕು. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ರಜ್ಜಿನ ಜೊತೆ ಮೂಳೆಯ ಚೂರೂ ಕಿತ್ತುಬರಬಹುದಾದ್ದರಿಂದ ಅವರಿಗೆ ಎಕ್ಸ್‌ರೇ ಅಗತ್ಯ.