ನೇರಳೆ ಮುಚ್ಚಳದ ಟ್ಯೂಬು

ರಕ್ತದ ರಿಪೋರ್ಟಿನಲ್ಲಿ ಪೊಟ್ಯಾಸಿಯಂ 14. ಕ್ಯಾಲ್ಸಿಯಂ ಇಲ್ಲವೇನೋ ಅನ್ನುವಷ್ಟು ಕಮ್ಮಿ. ಮಿಷನ್ನಿನ ಮಾತು ನಂಬಿದರೆ ಆ ರೋಗಿ ಬದುಕಿರುವುದೇ ಕಷ್ಟ. ವಾರ್ಡಿಗೆ ಓಡಿ ನೋಡಿದೆ. ಅವರು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪಕ್ಕದವರ ಜೊತೆ ಹರಟೆ ಹೊಡೆಯುತ್ತಿದ್ದರು.

ರಕ್ತ ತೆಗೆದವಳು ನನ್ನ ಹತ್ತಿರ ಕಲಿಯಲು ಬಂದ ಹುಡುಗಿ. ಬಂದು ಮೂರೇ ವಾರ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ತೆಗೆಯುವ ಟ್ಯೂಬಿಗೆ ರಕ್ತ ಸಾಲಲಿಲ್ಲ ಅಂತ ನೇರಳೆ ಮುಚ್ಚಳದ ಟ್ಯೂಬಿನಿಂದ ಸ್ವಲ್ಪ ಬಗ್ಗಿಸಿಕೊಂಡಿದ್ದಾಳೆ. ಎರಡೂ ಅದೇ ರೋಗಿಯ ರಕ್ತ ಅಲ್ವಾ ಅನ್ನುವುದು ಅವಳ ಲೆಕ್ಕ. ಆದರೆ ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಇಡಿಟಿಎ ಹಾಕಿರುತ್ತಾರೆ, ಅದೂ ಪೊಟ್ಯಾಸಿಯಂ ಉಪ್ಪಿನ ರೂಪದಲ್ಲಿ. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ತನ್ನ ಪೊಟ್ಯಾಸಿಯಂ ಬಿಡುತ್ತದೆ. ಇದೆಲ್ಲ ಪುಸ್ತಕದಲ್ಲಿದೆ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದಾಳೆ, ಪಾಪ.

ಬೈಯಲು ನನಗೆ ಬಾಯಿ ಬರಲಿಲ್ಲ. ಆಗ ಅವಳ ಪಕ್ಕ ನಾನಿರಬೇಕಿತ್ತು. ನಾನು ಒಳಗೆ ರಕ್ತವನ್ನು ಗಿರಗಿರ ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಮುಂದೆ, ರಾಶಿ ಸ್ಯಾಂಪಲ್ಲುಗಳ ನಡುವೆ ಇದ್ದೆ. ಕಲಿಸುವುದು ನನ್ನ ಡ್ಯೂಟಿ ಪಟ್ಟಿಯಲ್ಲಿಲ್ಲ. ಕೆಲಸದ ನಡುವೆ ಹೇಗೋ ತೂರಿಸಬೇಕು.

ನಮ್ಮಂಥ ಲ್ಯಾಬ್, ಎಕ್ಸ್-ರೇ, ಡಯಾಲಿಸಿಸ್ ಟೆಕ್ನಿಷಿಯನ್ನುಗಳ ತರಬೇತಿಗೆ ಸರ್ಕಾರದ ದುಡ್ಡು ಬರುತ್ತದೆ ಅಂದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ದುಡ್ಡಿನ ಮಾತು ಬಂದರೆ ಸೀಟು, ಕಟ್ಟಡ, ಹೊಸ ಮಿಷನ್. ಬೇಡ ಅಂತಲ್ಲ, ಹಳೇ ಮಿಷನ್ನಿನ ಜೊತೆ ಗುದ್ದಾಡಿದವಳು ನಾನು. ಆದರೆ ಕಟ್ಟಡಕ್ಕೆ ಟೇಪು ಕತ್ತರಿಸಬಹುದು. ಪಕ್ಕದಲ್ಲಿ ನಿಂತು ಸೂಜಿ ಹಿಡಿಯಲು ಕಲಿಸುವವರ ಒಂದು ಗಂಟೆಗೆ ಯಾವ ಟೇಪು ಕತ್ತರಿಸುತ್ತೀರಿ?

2021ರಲ್ಲಿ ನಮ್ಮ ಈ ವೃತ್ತಿಗಳಿಗೇ ಅಂತ ಒಂದು ಕೇಂದ್ರ ಕಾಯ್ದೆ ಬಂತು. ಟೆಕ್ನಿಷಿಯನ್ನಂಥವರ ಡಿಪ್ಲೊಮಾ ಅಥವಾ ಡಿಗ್ರಿಗೆ ಕನಿಷ್ಠ 2,000 ಗಂಟೆ, ಅದೂ 2ರಿಂದ 4 ವರ್ಷದಲ್ಲಿ. ಫಿಸಿಯೋಥೆರಪಿಯಂಥ ಡಿಗ್ರಿಗೆ 3,600 ಗಂಟೆ. ಯಾರೋ ಕೊನೆಗೂ ಗಂಟೆ ಎಣಿಸಿದರಲ್ಲ ಅಂತ ನಿಜಕ್ಕೂ ಖುಷಿಪಟ್ಟೆ. ಆಮೇಲೆ ಹೊಳೆಯಿತು, ಎಣಿಸಿದ್ದು ಕಲಿಯುವವರ ಗಂಟೆ.

ಇಂಗ್ಲೆಂಡಿನವರು ಈ ವಿಷಯದಲ್ಲಿ ಎಡವುತ್ತಲೇ ಕಲಿತರು. 2017ರಲ್ಲಿ ನರ್ಸಿಂಗ್, ಫಿಸಿಯೋಥೆರಪಿಯಂಥ ಕೋರ್ಸಿಗೆ ಹೊಸದಾಗಿ ಸೇರುವವರ ಬರ್ಸರಿ, ಅಂದರೆ ಓದಲು ಕೊಡುತ್ತಿದ್ದ ಸಹಾಯಧನ, ನಿಲ್ಲಿಸಿ, ಸಾಲ ಮಾಡಿ ಓದಿ ಅಂದರು. 2020ರ ಸೆಪ್ಟೆಂಬರಿನಿಂದ ತೀರಿಸಬೇಕಿಲ್ಲದ ಸಹಾಯಧನ ಮತ್ತೆ ಕೊಡತೊಡಗಿದರು. ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. ವಿದ್ಯಾರ್ಥಿ ಆಸ್ಪತ್ರೆಯಲ್ಲಿ ತರಬೇತಿಗೆ ಕಳೆಯುವ ಕಾಲಕ್ಕೆ ಇಷ್ಟು ಅಂತ ಸರ್ಕಾರ ಆ ಆಸ್ಪತ್ರೆಗೇ ದುಡ್ಡು ಕಟ್ಟುತ್ತದೆ. ಅದೆಲ್ಲ ಕಲಿಸುವವರ ಕೈಗೇ ತಲುಪುತ್ತೆ ಅಂತ ನಾನು ನಂಬುವವಳಲ್ಲ. ಆದರೂ ಆ ಕೆಲಸಕ್ಕೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಇದೆ. ಕೇಳಬಹುದು, ಜಗಳ ಆಡಬಹುದು. ನಾನು ಯಾವ ಸಾಲು ತೋರಿಸಿ ಜಗಳ ಆಡಲಿ?

ಆ ರೋಗಿಯ ರಕ್ತ ಮತ್ತೆ ತೆಗೆದೆವು. ಪೊಟ್ಯಾಸಿಯಂ 4.1.

ಈಗ ಬೆಳಿಗ್ಗೆ ಮೊದಲ ಅರ್ಧ ಗಂಟೆ ನಾನು ಒಳಗೆ ಹೋಗುವುದಿಲ್ಲ. ಸುಮ್ನೆ ಅವಳ ಪಕ್ಕ ನಿಲ್ಲುತ್ತೇನೆ. ಟ್ಯೂಬು ತುಂಬುವಾಗ ಮೊದಲು ನೀಲಿ ಮುಚ್ಚಳದ್ದು, ಆಮೇಲೆ ಸೀರಂ, ನೇರಳೆ ಆಮೇಲೆ. ರಿಪೋರ್ಟು ಯಾಕೆ ತಡ ಅಂತ ಈ ವಾರ ವಾರ್ಡಿನಿಂದ ಎರಡು ಸಲ ಫೋನ್ ಬಂತು.