ತಾರೀಖು ಮೊದಲೇ ಗೊತ್ತಿರುವ ಕರುಗಳು

ಕೆನಡಾದ ಆಂಟೇರಿಯೊ ಪ್ರಾಂತ್ಯದಲ್ಲಿ ನಾನು ಬಾಡಿಗೆಗೆ ಹಿಡಿದಿರುವ ಮನೆ ಎಂಟು ಎಕರೆಯ ಒಂದು ಪುಟ್ಟ ಜಮೀನಿನ ಅಂಚಿನಲ್ಲಿದೆ. ಮಾಲೀಕರು ಎಪ್ಪತ್ತು ದಾಟಿದ ದಂಪತಿ. ಅಕ್ಟೋಬರಿನಲ್ಲಿ ಎರಡು ಹೋರಿಗರುಗಳನ್ನು ತಂದು, ಒಂದು ವರ್ಷಕ್ಕೂ ತುಸು ಹೆಚ್ಚು ಕಾಲ ಸಾಕಿ, ಮಾಂಸಕ್ಕೆ ಕಳುಹಿಸುವುದು ಅವರ ಬಹುಕಾಲದ ಕ್ರಮ. ಯಜಮಾನರ ಮಂಡಿ ಕೈಕೊಟ್ಟ ಮೇಲೆ ಬೆಳಗಿನ ಮೇವು ನೀರಿನ ಕೆಲಸ ನನ್ನ ಪಾಲಿಗೆ ಬಂತು. ನಾನು ಮಾಂಸ ತಿನ್ನುವವನಲ್ಲ, ಆದರೆ ಕೊಟ್ಟಿಗೆಯಲ್ಲೇ ಬೆಳೆದವನು. ದನ ಸಾಕುವುದು ನನಗೆ ಗೊತ್ತು ಎಂಬ ಜಂಬ ಮೊದಲ ವಾರದಲ್ಲೇ ಇಳಿಯಿತು.

ಹಾಲಿನ ಹಸುವನ್ನು ಸಾಕುವವರ ಲೆಕ್ಕವೆಲ್ಲ ಇನ್ನೊಂದು ಸೂಲು, ಇನ್ನೊಂದು ವರ್ಷ ಎಂದು ಮುಂದಕ್ಕೆ ಹೋಗುತ್ತದೆ. ಇಲ್ಲಿ ಲೆಕ್ಕ ಕೊನೆಯ ದಿನದಿಂದ ಹಿಂದಕ್ಕೆ ಬರುತ್ತದೆ. ಮಾಂಸವನ್ನು ಮಾರುವುದಾದರೆ ಪರವಾನಗಿ ಇರುವ ಕಸಾಯಿಖಾನೆಯಲ್ಲೇ, ಇನ್‌ಸ್ಪೆಕ್ಟರ್ ಪ್ರಾಣಿಯನ್ನು ಮೊದಲೂ ಮಾಂಸವನ್ನು ಆಮೇಲೂ ಪರೀಕ್ಷಿಸುವಂತೆ ಕಡಿಸಬೇಕು. ಸಣ್ಣ ರೈತರ ಒಂದೆರಡು ದನಗಳನ್ನು ತೆಗೆದುಕೊಳ್ಳುವ ಕಸಾಯಿಖಾನೆಗಳು ಕಡಿಮೆಯಾದ್ದರಿಂದ ತಿಂಗಳುಗಟ್ಟಲೆ ಮುಂಚೆ ಸರದಿ ಹಿಡಿಯಬೇಕು. ಕರುಗಳು ಬಂದ ನಾಲ್ಕನೆಯ ದಿನ ಯಜಮಾನರು ಫೋನು ಮಾಡಿ ಮರುವರ್ಷದ ನವೆಂಬರಿನ ಒಂದು ಮಂಗಳವಾರವನ್ನು ಗೊತ್ತುಮಾಡಿಕೊಂಡರು. ಆ ವರ್ಷದ ಕ್ಯಾಲೆಂಡರು ಇನ್ನೂ ಮನೆಗೆ ಬಂದಿರಲಿಲ್ಲವಾದ್ದರಿಂದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

ಕರುಗಳು ಏಳು ತಿಂಗಳಿನವು, ಆಗಷ್ಟೇ ತಾಯಿಯ ಹಾಲು ಬಿಟ್ಟವು, ತೂಕ ಸುಮಾರು 250 ಕಿಲೊ. ಸ್ಕಾಟ್ಲೆಂಡಿನ ಈಶಾನ್ಯ ಭಾಗದ ಆಂಗಸ್ ಮತ್ತು ಇಂಗ್ಲೆಂಡಿನ ಹೆರೆಫರ್ಡ್ ತಳಿಗಳ ಮಿಶ್ರಣವಾದ್ದರಿಂದ ಕರಿ ಮೈ, ಬಿಳಿ ಮುಖ, ಕೊಂಬಿಲ್ಲದ ತಲೆ. ಬೀಜ ಒಡೆಸುವುದು, ಚಪ್ಪೆ ಬೇನೆಯ ಲಸಿಕೆ ಹಾಕಿಸುವುದು ಎಲ್ಲವೂ ಹುಟ್ಟಿದ ಜಮೀನಿನಲ್ಲೇ ಮುಗಿದಿತ್ತು. ಗುರುತಿನ ಸಂಖ್ಯೆಯ ಕಿವಿಯೋಲೆ ಇಲ್ಲದೆ ದನ ಅಲ್ಲಿಂದ ಹೊರಡುವಂತೆಯೇ ಇಲ್ಲ. ಒಂದೇ ಕರು ಸಾಕಿದರೆ ಸಾಲದೇ ಎಂದು ಕೇಳಿದ್ದೆ. ಒಂಟಿ ಕರು ಹಗಲಿರುಳು ಕೂಗಿ, ಮೇವು ಬಿಟ್ಟು, ಕಡೆಗೆ ಬೇಲಿ ಮುರಿದು ಜೊತೆ ಹುಡುಕಿಕೊಂಡು ಹೋಗುತ್ತದೆ ಎಂದರು ಮನೆಯೊಡತಿ.

ಚಳಿಗಾಲಕ್ಕೆ ನಾನು ಹೆದರಿದ್ದು ದಂಡವಾಯಿತು. ರಾತ್ರಿಯೆಲ್ಲ ಹಿಮ ಬಿದ್ದ ಒಂದು ಬೆಳಿಗ್ಗೆ ಹೋಗಿ ನೋಡಿದರೆ ಎರಡೂ ಬಯಲಲ್ಲೇ ಮಲಗಿ ಮೆಲುಕು ಹಾಕುತ್ತಿದ್ದವು, ಬೆನ್ನ ಮೇಲೆ ನಾಲ್ಕು ಬೆರಳು ದಪ್ಪ ಹಿಮ ಕರಗದೆ ಕುಳಿತಿತ್ತು. ನಾನು ಗಾಬರಿಯಿಂದ ಕೊಡವಲು ಹೋದಾಗ ಯಜಮಾನರು ನಕ್ಕರು: ಹಿಮ ಕರಗಿಲ್ಲವೆಂದರೆ ಮೈಯ ಬಿಸಿ ತುಪ್ಪಳದಿಂದ ಆಚೆ ಸೋರುತ್ತಿಲ್ಲ ಎಂದೇ ಅರ್ಥ. ಒಣಗಿದ ದಟ್ಟ ತುಪ್ಪಳವಿರುವ ದನಕ್ಕೆ ಸೊನ್ನೆಗಿಂತ 8 ಡಿಗ್ರಿ ಕೆಳಗಿನವರೆಗೂ ಮೈ ಕಾಯಿಸಿಕೊಳ್ಳಲು ಹೆಚ್ಚಿನ ಮೇವು ಬೇಡ. ಅದೇ ತುಪ್ಪಳ ಮಳೆಯಲ್ಲಿ ತೊಯ್ದರೆ 15 ಡಿಗ್ರಿಯಲ್ಲೇ ಅದಕ್ಕೆ ಚಳಿ ಹತ್ತುತ್ತದೆ. ಆದ್ದರಿಂದ ಬೇಕಾದದ್ದು ಬೆಚ್ಚನೆಯ ಕೊಟ್ಟಿಗೆಯಲ್ಲ, ಗಾಳಿ ತಡೆಯುವ ಮೂರು ಗೋಡೆ, ಒಂದು ಮಾಡು, ಮತ್ತು ಹೆಪ್ಪುಗಟ್ಟದ ನೀರು. ಮೇವಿನ ಲೆಕ್ಕ ಮಾತ್ರ ಬಿಗಿ. ದಿನಕ್ಕೆ ಮೈತೂಕದ ನೂರಕ್ಕೆ ಎರಡೂವರೆ ಪಾಲು ಒಣ ಮೇವು ಎಂದು ಹಿಡಿದರೆ, ಆರು ತಿಂಗಳಿಗೆ ಎರಡು ಕರುಗಳು ಮೂರು ಟನ್ನಿಗೂ ಮೀರಿ ಒಣಹುಲ್ಲು ತಿಂದು ಮುಗಿಸುತ್ತವೆ.

ವಸಂತದಲ್ಲಿ ಹುಲ್ಲು ಚಿಗುರಿದ ಮೇಲೆ ನಾನು ದನ ಕಾಯುವುದಕ್ಕಿಂತ ಹುಲ್ಲು ಕಾದದ್ದೇ ಹೆಚ್ಚು. ಕರೆಂಟಿನ ಒಂದೆಳೆ ತಂತಿಯಿಂದ ಬಯಲನ್ನು ಪಟ್ಟಿಗಳಾಗಿ ಕಟ್ಟಿ, ಹುಲ್ಲು ಗೇಣುದ್ದ ಬೆಳೆದ ಪಟ್ಟಿಗೆ ಬಿಟ್ಟು, ನಾಲ್ಕು ಬೆರಳಿನಷ್ಟು ಉಳಿದಾಗ ಮುಂದಿನದಕ್ಕೆ ಹೊಡೆಯಬೇಕು. ಬುಡದವರೆಗೆ ಮೇಯಲು ಬಿಟ್ಟರೆ ಹುಲ್ಲು ಮತ್ತೆ ಬೇಗ ಏಳುವುದಿಲ್ಲ, ಹೊಟ್ಟೆಹುಳುವಿನ ಮರಿಗಳು ಇರುವುದೂ ಬುಡದಲ್ಲೇ. ಹುಲ್ಲಿನ ನಡುವೆ ಬೆಳೆಯುವ ಕ್ಲೋವರ್ ಎಂಬ ಮೂರೆಲೆಯ ಮೇವಿನ ಗಿಡ ಎಳೆಯದಾಗಿದ್ದು ಇಬ್ಬನಿ ಆರದಿರುವಾಗ ಹಸಿದ ದನವನ್ನು ಅದಕ್ಕೆ ನುಗ್ಗಿಸಿದರೆ ಹೊಟ್ಟೆಯುಬ್ಬರ ಬಂದು ಗಂಟೆಗಳಲ್ಲಿ ಸತ್ತೇಹೋಗಬಹುದು. ಅದಕ್ಕೇ ಮೊದಲು ಒಣಹುಲ್ಲು, ಆಮೇಲೆ ಬಯಲು.

ಒಂದು ದಿನ ಪಶುವೈದ್ಯೆ ಬಂದು, ಕಿರುಬೆರಳಿನಷ್ಟುದ್ದದ ನುಣುಪಾದ ಅಯಸ್ಕಾಂತವೊಂದನ್ನು ಪ್ರತಿಯೊಂದರ ಗಂಟಲಿಗೂ ಇಳಿಸಿದರು. ದನ ಅಗಿಯದೆ ನುಂಗುವ ಪ್ರಾಣಿ, ಮೇವಿನೊಳಗಿನ ಮೊಳೆಯನ್ನೂ ತಂತಿಯ ಚೂರನ್ನೂ ಬಿಡುವುದಿಲ್ಲ. ಅವು ದನದ ನಾಲ್ಕು ಹೊಟ್ಟೆಗಳ ಪೈಕಿ ಎರಡನೆಯದರಲ್ಲಿ ನಿಂತು, ಗೋಡೆ ತೂತುಮಾಡಿ, ಕೆಲವೊಮ್ಮೆ ಹೃದಯದ ಚೀಲಕ್ಕೇ ಚುಚ್ಚುತ್ತವೆ. ಅಯಸ್ಕಾಂತ ಅಲ್ಲೇ ಕುಳಿತು, ಬಂದ ಕಬ್ಬಿಣವನ್ನೆಲ್ಲ ತನಗೆ ಅಂಟಿಸಿಕೊಳ್ಳುತ್ತದೆ. ಇಷ್ಟು ಸರಳವಾದ ಔಷಧಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಗಸ್ಟಿನಿಂದ ಧಾನ್ಯ. ಅದನ್ನು ಹಿಡಿ ಹಿಡಿಯಾಗಿ ಎರಡು ಮೂರು ವಾರಗಳಲ್ಲಿ ಏರಿಸಬೇಕು, ಅವಸರ ಮಾಡಿದರೆ ಹೊಟ್ಟೆ ಹುಳಿಯೇರಿ ಪ್ರಾಣಿ ನೆಲ ಹಿಡಿಯುತ್ತದೆ. ತಕ್ಕಡಿಯಿಲ್ಲದ ನಮಗೆ ಟೇಪೇ ಗತಿ: ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮೈಯುದ್ದದಿಂದ ಮತ್ತೆ ಗುಣಿಸಿ, 10,840ರಿಂದ ಭಾಗಿಸಿದರೆ ಕಿಲೊ ಲೆಕ್ಕ ಬರುತ್ತದೆ, ಅಳತೆ ಸೆಂಟಿಮೀಟರಿನಲ್ಲಿರಬೇಕು. ನವೆಂಬರಿನಲ್ಲಿ ದೊಡ್ಡದರ ಎದೆ 200, ಉದ್ದ 152. ಅಂದರೆ 561 ಕಿಲೊ.

ಕೊನೆಯ ಎರಡು ವಾರ ಅವುಗಳ ಧಾನ್ಯವನ್ನು ಟ್ರೈಲರಿನೊಳಗೇ ಇಟ್ಟೆವು, ಹತ್ತುವುದು ರೂಢಿಯಾಗಲೆಂದು. ಬೆದರಿದ ದನ ಸ್ನಾಯುಗಳಲ್ಲಿನ ಸಕ್ಕರೆಯ ಸಂಗ್ರಹವನ್ನು ಖರ್ಚು ಮಾಡಿಕೊಳ್ಳುವುದರಿಂದ ಅದರ ಮಾಂಸ ಕಪ್ಪಾಗಿ ಅಂಟಂಟಾಗುತ್ತದೆ ಎಂಬುದು ವ್ಯಾಪಾರದ ಕಾರಣ. ಅದಿಲ್ಲದಿದ್ದರೂ ಹೀಗೆಯೇ ಮಾಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಮಂಗಳವಾರ ನಸುಕಿನಲ್ಲಿ ಚಿಕ್ಕದು ಸುಮ್ಮನೆ ಹತ್ತಿತು, ದೊಡ್ಡದು ಬಾಗಿಲಲ್ಲಿ ನಿಂತುಬಿಟ್ಟಿತು. ಹಿಂದಿನಿಂದ ದೂಡಲು ಹೊರಟ ನನ್ನನ್ನು ಯಜಮಾನರು ತಡೆದು, ಅದು ಏನನ್ನು ನೋಡುತ್ತಿದೆ ನೋಡಿ ಎಂದರು. ಬೇಲಿಯ ಮೇಲೆ ನಾನು ಹಾಕಿದ್ದ ಹಳದಿ ಜಾಕೆಟ್ ಗಾಳಿಗೆ ಅಲುಗುತ್ತಿತ್ತು. ದನಗಳ ವರ್ತನೆಯನ್ನು ಬಹುಕಾಲ ಅಧ್ಯಯನ ಮಾಡಿದ ಟೆಂಪಲ್ ಗ್ರಾಂಡಿನ್ ಬೇಲಿಯ ಮೇಲಿನ ಇಂಥ ಬಟ್ಟೆ, ತೂಗುವ ಸರಪಳಿ, ನೆಲದ ನೆರಳುಗಳ ಬಗ್ಗೆಯೇ ಎಚ್ಚರಿಸುತ್ತ ಬಂದಿದ್ದಾರೆ. ಜಾಕೆಟ್ ತೆಗೆದೆ. ಅದು ಒಂದು ಕ್ಷಣ ನನ್ನ ಕಡೆ ಕಿವಿ ತಿರುಗಿಸಿ, ಒಳಗೆ ಹೋಗಿ ಧಾನ್ಯಕ್ಕೆ ಬಾಯಿ ಹಾಕಿತು.

ತಲೆ, ಚರ್ಮ, ಕರುಳು ತೆಗೆದ ಮೇಲೆ ಬದುಕಿದ್ದಾಗಿನ ತೂಕದ ನೂರಕ್ಕೆ ಅರವತ್ತು ಪಾಲು ಕೊಕ್ಕೆಗೆ ಬರುತ್ತದೆಂದು ಲೆಕ್ಕ. ಎರಡು ವಾರ ಶೀತಕೋಣೆಯಲ್ಲಿ ನೇತುಹಾಕಿ, ಮೂಳೆ ಕೊಬ್ಬು ಕಳೆದ ಮೇಲೆ ಉಳಿಯುವುದು ಅದರಲ್ಲೂ ಮೂರನೇ ಎರಡರಷ್ಟು ಮಾತ್ರ. ಸಂಜೆ ಕಸಾಯಿಖಾನೆಯಿಂದ ಫೋನು ಬಂದಾಗ ಮನೆಯೊಡತಿ ಫ್ರಿಜ್ಜಿನ ಚೀಟಿ ಕಿತ್ತು, ಅದರ ಹಿಂಬದಿಯಲ್ಲೇ ತೂಕ ಬರೆದುಕೊಂಡರು. ಕೊಕ್ಕೆಯ ಮೇಲೆ ದೊಡ್ಡದು 331 ಕಿಲೊ. ನನ್ನ ಟೇಪಿನ ಲೆಕ್ಕದಂತೆ ಬರಬೇಕಿದ್ದ 337ಕ್ಕಿಂತ ಆರು ಕಿಲೊ ಕಡಿಮೆ.