ಭಾನುವಾರ ಕಣ್ಣಿನ ಕ್ಯಾಂಪ್ ಇದೆ, ಬನ್ನಿ

ನಮ್ಮೂರ್ ಲಯನ್ಸ್ ಕ್ಲಬ್ ಮೀಟಿಂಗ್ ಮುಗಿಸ್ಕೊಂಡು ಈಗಷ್ಟೇ ಮನೆಗ್ ಬಂದೆ. ಬರೋ ಭಾನುವಾರ ಸರ್ಕಾರಿ ಶಾಲೇಲಿ ಕಣ್ಣಿನ ತಪಾಸಣೆ, ಪೊರೆ ಬಂದಿರೋರಿಗೆ ಆಪರೇಷನ್ನೂ ಫ್ರೀ, ಆಧಾರ್ ಜೆರಾಕ್ಸ್ ತನ್ನಿ, ಬಿಪಿ ಶುಗರ್‌ಗೆ ಮಾತ್ರೆ ತಗೊಳೋರು ಡಾಕ್ಟರ್ ಚೀಟಿನೂ ಮರೀದೆ ತನ್ನಿ. ಮುಂದಿನ ತಿಂಗಳು ರಕ್ತದಾನ, 18 ವರ್ಷ ತುಂಬಿರ್ಬೇಕು, ತೂಕ 45 ಕೆಜಿಗೆ ಕಮ್ಮಿ ಇರ್ಬಾರ್ದು, ಹಿಮೋಗ್ಲೋಬಿನ್ ಅಲ್ಲೇ ನೋಡ್ತಾರೆ.

ಹೋದ್ ಸಲ ಆಪರೇಷನ್ ಆದ ಅಜ್ಜಿ ಒಬ್ರು, ಪಟ್ಟಿ ಬಿಚ್ಚಿದ್ ತಕ್ಷಣ ಮೊದ್ಲು ನೋಡ್ಕೊಂಡಿದ್ದು ಅವರ ಕೈನೇ, ತಿರುಗಿಸಿ ತಿರುಗಿಸಿ ನೋಡಿ "ಈ ಬಳೆ ಹಸ್ರುದಾ ಮಗಾ, ನಾನ್ ಇಷ್ಟ್ ದಿನ ಕಪ್ಪು ಅನ್ಕೊಂಡಿದ್ದೆ" ಅಂದ್ರು, ನಂಗೆ ಗಂಟಲು ಕಟ್ಕೊಂಡ್‌ಬಿಡ್ತು. 1925ರಲ್ಲಿ ಅಮೆರಿಕದಲ್ಲಿ ಕಣ್ಣೂ ಕಾಣದ, ಕಿವಿಯೂ ಕೇಳದ ಲೇಖಕಿ ಹೆಲೆನ್ ಕೆಲರ್ ಲಯನ್ಸ್ ಸಮ್ಮೇಳನದಲ್ಲಿ ನಿಂತು ಕಣ್ಣು ಕಾಣದವರ ಜೊತೆ ನಿಲ್ಲಿ ಅಂತ ಕೇಳ್ಕೊಂಡಿದ್ರು, ಕಣ್ಣಿನ ಕೆಲಸ ಕ್ಲಬ್ಬಿನ ಮುಖ್ಯ ಕೆಲಸ ಆಗಿದ್ದೇ ಅವತ್ತಿಂದ. ಆ ಮಾತು ನಮ್ಮ ಶಾಲೆ ಬೆಂಚ್ ತನಕ ಬಂದು ಮುಟ್ಟಿದೆಯಲ್ಲ ಅಂತ ದಾರಿಯುದ್ದಕ್ಕೂ ಅದೇ ಯೋಚ್ನೆ.

ನಿಮ್ ಬೀದೀಲಿ ಒಬ್ಬೊಬ್ರೇ ಇರೋ ಅಜ್ಜ ಅಜ್ಜಿ ಇದ್ರೆ ಒಂದ್ ಮಾತು ಹೇಳಿ, ಬೆಳಿಗ್ಗೆ ನಾನೇ ಬಂದು ಕರ್ಕೊಂಡ್ ಹೋಗ್ತೀನಿ.